ಗಂಜಿಯಲ್ಲಿ ಬರೆದ ಐದು ಬಟ್ಟೆ

ಅತ್ತಿಗೆ ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಮೇಲಿನ ಬಟ್ಟೆಯನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಎಲ್ಲಿ ಸವೆದಿದೆ, ಎಲ್ಲಿ ಹರಿಯಲಿದೆ ಎಂದು ನೋಡಿ, ಒದರಿ ಹಾಸಿ, ನಾಲ್ಕೂ ಮೂಲೆ ಬಿಗಿಯಾಗಿ ಸಿಕ್ಕಿಸಿದ ಮೇಲೆಯೇ ಮುಖಕ್ಕೆ ನೀರು. ನಂಟರ ಮನೆಗೆ ಹೋದರೂ ಇದು ತಪ್ಪಿದ್ದಲ್ಲ. ಜ್ವರ ಬಂದು ಏಳಲಾಗದಿದ್ದಾಗ ನನ್ನ ಕೈಯಲ್ಲಿ ಮಾಡಿಸಿದಳು, ಮೂಲೆ ಸಡಿಲವಾಯಿತೆಂದು ಬೈದಳು.

ಇಪ್ಪತ್ತಮೂರು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವಳು ಅವಳು. ಅವಳೂ ಸೇರಿ ಅಲ್ಲಿದ್ದವರು ಐದು ಜನ ಹೆಂಗಸರು. ವಾರ್ಡಿಗೆ ಕಾಲಿಡುವಂತಿರಲಿಲ್ಲ. ಸಾವಿರಾರು ರೋಗಿಗಳ ಬಟ್ಟೆ ಒಗೆದರೂ ಒಬ್ಬರ ಮುಖವನ್ನೂ ಕಂಡವರಲ್ಲ. ಆ ನಡುವೆಯೇ ಅತ್ತಿಗೆ ಅಂಚೆ ಶಿಕ್ಷಣದಲ್ಲಿ ಬಿ.ಎ. ಮುಗಿಸಿದಳು. ಒಂದು ದಿನ ಒಗೆಯುವ ಕೆಲಸ ಹೊರಗಿನ ಕಂಪನಿಯ ಯಂತ್ರಗಳ ಪಾಲಾಯಿತು, ಕೋಣೆಗೆ ಬೀಗ ಬಿತ್ತು. ಆಗ ಅವಳಿಗೆ ನಲವತ್ತೇಳು. ಯಾರಿಗೂ ಹೇಳದೆ ಹೋಗಿ ಕಲಾ ಕಾಲೇಜಿನ ಎಂ.ಎ. ಪ್ರವೇಶ ಪರೀಕ್ಷೆ ಬರೆದು ಬಂದಳು.

"ನಿನಗೆ ಚಿತ್ರ ಬರೆಯೋಕೆ ಬರುತ್ತೇನೇ?" ಎಂದ ನಮ್ಮಣ್ಣ.

"ಬರಲ್ಲ. ಈಗಿನ ಕಲೇಲಿ ಅದೇನೂ ಕಡ್ಡಾಯ ಇಲ್ವಂತೆ."

ತರಗತಿಯಲ್ಲಿ ಉಳಿದವರೆಲ್ಲ ಮಕ್ಕಳ ವಯಸ್ಸಿನವರು. ಬಟ್ಟೆಗೆ ಗಂಜಿ ಹಾಕುತ್ತಿದ್ದವಳೆಂದು ತಿಳಿದು ಇವಳಿಗೆ ಗಂಜಿ ಆಂಟಿ ಎಂದು ಹೆಸರಿಟ್ಟರು. ಕರಗಿಹೋಗುವ ಕಲೆಯ ಪಾಠ ನಡೆದ ದಿನ ಮನೆಗೆ ಬಂದವಳು ಊಟವನ್ನೂ ಮರೆತು ನನಗೆ ಹೇಳಿದಳು. ಮಂಜುಗಡ್ಡೆಯಲ್ಲಿ ಕೆತ್ತುವವರಿದ್ದಾರಂತೆ, ಅಲೆ ಬರುವ ಮುನ್ನ ಮರಳಿನಲ್ಲಿ ಬರೆಯುವವರಿದ್ದಾರಂತೆ. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂದು ತೀರ್ಮಾನಿಸುವವರು ಯಾರು, ಕಲೆಯ ರಾಜಕೀಯ ಅಲ್ಲಿಂದಲೇ ಶುರು ಎಂದರಂತೆ ಮೇಡಂ. ಇವಳು ಎದ್ದು ನಿಂತು, "ಮೇಡಂ, ನಾವು ಒಗೆದಿದ್ದು ಮಾರನೇ ದಿನಕ್ಕೆ ಉಳೀತಿರಲಿಲ್ಲ. ಅದು ಕಲೆ ಅಂತ ಯಾರೂ ಹೇಳಲೇ ಇಲ್ಲ ನೋಡಿ," ಎಂದಳಂತೆ. ಎಲ್ಲರೂ ನಕ್ಕರು. ಮೇಡಂ ಮಾತ್ರ ಆ ಮಾತನ್ನು ಬರೆದುಕೊಂಡರು.

ಆದರೆ ಕೊನೆಯ ಪರೀಕ್ಷೆಗೆ ಅವಳು ಮಾಡಿದ್ದು ಆಸ್ಪತ್ರೆಯ ಮೇಲಿನ ಸಿಟ್ಟನ್ನೆಲ್ಲ ಕಾರಿದ ದೊಡ್ಡ ಪೋಸ್ಟರುಗಳು. "ಇದು ದೂರು, ಕಲೆಯಲ್ಲ," ಎಂದು ಪರೀಕ್ಷಕರು ಫೇಲು ಮಾಡಿದರು. ಇನ್ನು ಉಳಿದದ್ದು ಒಂದೇ ಅವಕಾಶ. ಅದೂ ಕೈತಪ್ಪಿದರೆ ಪದವಿ ಇಲ್ಲ.

ಈ ಸಲ ಐದು ಬಿಳಿ ಹಾಸುಬಟ್ಟೆ ತಂದಳು. ಬಟ್ಟೆ ತಿಕ್ಕುವಾಗ, ಕಾಣದ ಆ ರೋಗಿಗೆ ಮನಸ್ಸಿನಲ್ಲೇ ಏನು ಹೇಳುತ್ತಿದ್ದಿರಿ ಎಂದು ಹಳೆಯ ಜೊತೆಗಾರ್ತಿಯರ ಮನೆಮನೆಗೆ ಹೋಗಿ ಕೇಳಿದಳು. ಆ ನಾಲ್ಕು ಮಾತಿಗೆ ತನ್ನದೊಂದನ್ನು ಸೇರಿಸಿ ಬೆರಳಿನಿಂದ ದಪ್ಪ ಗಂಜಿಯಲ್ಲಿ ಬರೆದಳು, ಬಟ್ಟೆಗೊಂದು ಮಾತು. ಒಣಗಿದರೆ ಬಿಳಿಯ ಮೇಲೆ ಬಿಳಿ, ಕಣ್ಣಿಗೆ ಸುಕ್ಕಿನಂತೆ ಕಂಡೀತು ಅಷ್ಟೆ. ಬೆರಳಾಡಿಸಿದರೆ ಅಕ್ಷರ ಸಿಗುತ್ತದೆ. ಆದರೆ ಮುಟ್ಟಿದಷ್ಟೂ ಗಂಜಿ ಉದುರುತ್ತದೆ. ಪ್ರದರ್ಶನದ ಮೂರು ದಿನ ಜನ ಓದಿದರೆ ಮಾತು ಮುಗಿಯಿತು. ಹೀಗೆ ಬರೆದಿದ್ದೇನೆಂದು ಮಾತ್ರ ಜೊತೆಗಾರ್ತಿಯರಿಗೆ ಹೇಳಿರಲಿಲ್ಲ. ಪರೀಕ್ಷೆಯ ದಿನ ಬಂದು ನೋಡಿ ಎಂದಷ್ಟೇ ಕರೆದು, ಹಿಂದಿನ ಸಂಜೆ ಬಟ್ಟೆಗಳನ್ನು ಕಾಲೇಜಿನ ಪ್ರದರ್ಶನ ಕೋಣೆಯ ಹಗ್ಗಕ್ಕೆ ಹಾಕಿ ಬಂದಳು.

ಪರೀಕ್ಷೆಯ ಬೆಳಿಗ್ಗೆ ಒಂಬತ್ತಕ್ಕೆ ನಾನೂ ಜೊತೆಗೆ ಹೋದೆ. ಜೊತೆಗಾರ್ತಿಯರು ನಾಲ್ವರೂ ಕಾವಲುಗಾರನಿಗೆ ‘ನಾವು ಅವಳ ಕಡೆಯವರು’ ಎಂದು ಹೇಳಿ ಬಾಗಿಲು ತೆಗೆಸಿಕೊಂಡು ಆಗಲೇ ಒಳಗಿದ್ದರು. ಐದೂ ಬಟ್ಟೆ ತೊಟ್ಟಿಕ್ಕುತ್ತಾ ಹಗ್ಗದ ಮೇಲಿದ್ದವು.

"ಏನೇ ಇದು, ಗಂಟುಗಂಟು ಗಂಜಿ! ಇಷ್ಟು ವರ್ಷ ನಮ್ಮ ಜೊತೆ ಕಲಿತಿದ್ದು ಇದೇನಾ?" ಎಂದಳು ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ. "ದೊಡ್ಡೋರ ಮುಂದೆ ನಿನ್ನ ಮಾನ ಹೋಗಬಾರದು ಅಂತ ಚೆನ್ನಾಗಿ ಜಾಲಿಸಿಬಿಟ್ವಿ."

ಅತ್ತಿಗೆ ಅಲ್ಲೇ ಕುಸಿದು ಕೂತಳು. "ಅದು ನಿಮ್ಮ ಮಾತು ಕಣಕ್ಕ. ಗಂಜೀಲಿ ಬರೆದಿದ್ದೆ."

ದೊಡ್ಡಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಎಷ್ಟು ಗಂಟೆಗೆ ಬರ್ತಾರೆ?"

"ಹನ್ನೊಂದಕ್ಕೆ."

"ಐದು ಬಟ್ಟೆಗೆ ಎರಡು ಗಂಟೆ ಸಾಲದಾ? ನಾವೇನು ಸತ್ತು ಹೋಗಿದೀವಾ? ಏಳೇ ಮೇಲೆ!"

ಒಬ್ಬಳು ಹಾಸ್ಟೆಲಿನಿಂದ ಇಸ್ತ್ರಿ ತಂದು ಹಿಡಿದಳು, ಒಬ್ಬಳು ಕ್ಯಾಂಟೀನಿನ ಒಲೆಯಲ್ಲಿ ಗಂಜಿ ಕಾಸಿದಳು. ಉಗುರಿನ ಮೇಲೆ ಬಿಟ್ಟ ಹನಿ ಹರಿಯದೆ ನಿಲ್ಲುವವರೆಗೂ ಕಲಕಿದಳು. ಈ ಸಲ ತಮ್ಮ ಮಾತನ್ನು ತಾವೇ ಬರೆದರು. ‘ಯಾರೋ ಏನೋ, ಬೇಗ ಮನೆಗೆ ಹೋಗಿ.’ ‘ಕಲೆ ತಣ್ಣೀರಿಗೇ ಹೋಯ್ತು, ನಿಮ್ಮ ನೋವೂ ಹಾಗೇ ಹೋಗಲಿ.’ ಅಕ್ಷರ ಬಾರದ ದೊಡ್ಡಕ್ಕ ಎರಡು ಗೆರೆ ಎಳೆದು, ನಡುವೆ ಒಂದು ಕತ್ತರಿ ಗುರುತು ಹಾಕಿದಳು. ಹಿಂಬದಿಯಿಂದ ಇಸ್ತ್ರಿ ಹಾಯಿಸಿ ಒಣಗಿಸಿದರು. ಕೊನೆಯ ಬಟ್ಟೆ ಇನ್ನೂ ಬೆಚ್ಚಗಿರುವಾಗಲೇ ಪರೀಕ್ಷಕರು ಬಂದರು.

ಅವರಲ್ಲಿ ವಯಸ್ಸಾದ ಪರೀಕ್ಷಕಿಯೊಬ್ಬರು ಕಣ್ಣು ಮುಚ್ಚಿ ಬೆರಳಿನಿಂದ ಓದತೊಡಗಿದರು. ಒಂದು ಬಟ್ಟೆ, ಎರಡು, ಮೂರು. ದೊಡ್ಡಕ್ಕನದರ ಮೇಲೆ ಬೆರಳು ತಡೆಯಿತು.

"ಇದೇನು?"

"ಮಕ್ಕಳ ವಾರ್ಡಿನ ಗುರುತು ತಾಯಿ. ಬಟ್ಟೆ ಮೂಲೇಲಿ ದಾರದಲ್ಲಿ ಹೊಲೀತಿದ್ವಿ, ಇದಕ್ಕೆ ಗಂಜಿ ಹಾಕಬೇಡಿ ಅಂತ. ಎಳೇ ಮೈ, ಗೀರುತ್ತೆ."

ಅವರ ಕೈ ಅಲ್ಲಿಂದ ಏಳಲಿಲ್ಲ. ಪ್ರಾರ್ಥನೆಗೆ ಕೂತಾಗ ನಾನು ಎಷ್ಟು ಬೇಡಿದರೂ ಬಾರದ ನಿಶ್ಶಬ್ದ ಆ ಕೋಣೆಗೆ ತಾನಾಗಿ ಬಂದಿತ್ತು. ಪರೀಕ್ಷಕಿ ಕಣ್ಣು ತೆರೆದು ಬೆರಳ ತುದಿಯ ಬಿಳಿ ಪುಡಿಯನ್ನು ನೋಡಿದರು. ಒರೆಸಿಕೊಳ್ಳಲಿಲ್ಲ.

ಮೂರು ದಿನ ಜನ ಬಂದು ಮುಟ್ಟಿ ಹೋದರು. ಮೂರನೆಯ ಸಂಜೆ ನಾಲ್ಕು ಬಟ್ಟೆ ಮೆತ್ತಗಾಗಿದ್ದವು. ದೊಡ್ಡಕ್ಕನ ಗುರುತು ಮಾತ್ರ ಅರ್ಧ ಉಳಿದಿತ್ತು. ವಿಭಾಗದ ಮುಖ್ಯಸ್ಥರು ನಗುತ್ತಾ ಬಂದರು.

"ಪಾಸಾದಿರಿ. ಒಳ್ಳೇ ಅಂಕ. ನನ್ನ ಕೈಲಾದ ಇನ್ನೊಂದು ಉಪಕಾರ ಮಾಡ್ತೀನಿ. ಇದಿಷ್ಟಾದರೂ ಉಳೀಲಿ. ಈಗಲೇ ಗಾಜು ಹಾಕಿಸಿ ಕಾಲೇಜಿನ ಸಂಗ್ರಹಕ್ಕೆ ಸೇರಿಸ್ತೀನಿ. ನೂರು ವರ್ಷ ಇರುತ್ತೆ."

"ಹೂಂ ಅನ್ನೇ, ಹುಚ್ಚಿ," ಎಂದು ದೊಡ್ಡಕ್ಕ ತಿವಿದಳು.

ಅತ್ತಿಗೆ ಕಣ್ಣೊರೆಸಿಕೊಂಡಳು. "ದೊಡ್ಡ ಮಾತು ಸಾರ್. ಆದರೆ ಬೇಡ. ಗಾಜು ಹಾಕಿದರೆ ಯಾರೂ ಮುಟ್ಟೋ ಹಾಗಿಲ್ಲ. ಇನ್ನರ್ಧ ಗಂಟೆ ಬಾಗಿಲು ತೆಗೆದಿರಲಿ. ಹೊರಗೆ ಇನ್ನೂ ನಾಲ್ಕು ಜನ ನಿಂತಿದಾರೆ."