ಕಿವಿ ಮೇಸ್ತ್ರಿ ಮತ್ತು ಗೋದಾಮಿನ ಗೋಡೆ

ಕಿವಿ ಮೇಸ್ತ್ರಿಯ ಕಥೆಗಳನ್ನೆಲ್ಲ ನಂಬಿದರೆ ತಲೆ ಕೆಡುತ್ತದೆ, ನಂಬದಿದ್ದರೆ ಮಜಾ ಕೆಡುತ್ತದೆ. ಊಟಕ್ಕೆ ಕೂತಿದ್ದಾಗ ಹಿಂದಿನ ಬೀದಿಯಲ್ಲಿ ಹೋದ ಕಾರಿನ ಸದ್ದು ಕೇಳಿ, ‘ಅಯ್ಯೋ, ಬಲಗಡೆ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರ್ತಿದೆ’ ಎಂದು ಎಂಜಲು ಕೈಯಲ್ಲೇ ಓಡಿಹೋಗಿ ಕಾರು ನಿಲ್ಲಿಸಿದ್ದನಂತೆ. ಬಟ್ಟೆ ಅಂಗಡಿಯ ಯಜಮಾನರು ‘ಗುಂಡಿಗೆ ಇಳಿದ್ರೆ ಕಟಕಟ ಅನ್ನುತ್ತೆ’ ಎಂದು ಕಾರು ತಂದಾಗ, ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದು, ‘ಕಾರು ಕಲ್ಲುಗುಂಡಿನ ಹಾಗಿದೆ ಸ್ವಾಮಿ, ಸಡಿಲ ಆಗಿರೋದು ನೀವು ಕಟ್ಟಿಸಿಕೊಂಡಿರೋ ಹಲ್ಲು’ ಎಂದನಂತೆ. ಹಲ್ಲಿನ ಕಥೆ ನಿಜ. ಎಣ್ಣೆಯ ಕಥೆಯನ್ನು ಹುಟ್ಟಿಸಿದವನು ಮೇಸ್ತ್ರಿಯೇ.

ಕಾರು ರಿಪೇರಿಯ ಶೆಡ್ಡು ಮೇಸ್ತ್ರಿ, ಅವನ ತಮ್ಮ ಇಬ್ಬರದು. ಸ್ಟೇರಿಂಗು, ಸಸ್ಪೆನ್ಶನ್ ಬಿಟ್ಟು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಕೇಳುವುದು ಅಣ್ಣನ ಕೆಲಸ, ಬಿಚ್ಚುವುದು ತಮ್ಮನ ಕೆಲಸ. ಶೆಡ್ಡಿನ ಹಿಂದೆ ಗೋದಾಮಿನ ಉದ್ದನೆಯ ಗೋಡೆಯಿತ್ತು. ಮೇಸ್ತ್ರಿ ಗಾಜು ಇಳಿಸಿ, ಗೋಡೆಗೆ ಒರಗಿಕೊಂಡಂತೆ ಕಾರನ್ನು ನಿಧಾನಕ್ಕೆ ಓಡಿಸುವನು. ಚಕ್ರದ ಸದ್ದು ಗೋಡೆಗೆ ಬಡಿದು ಕಿವಿಗೆ ವಾಪಸು ಬರುವುದು. ‘ದಡ್’ ಅಂದರೆ ರಬ್ಬರ್ ಬುಶ್ಶು ಹರಿದಿದೆ. ಸ್ಟೇರಿಂಗ್ ತಿರುಗಿಸಿದಾಗ ಸಣ್ಣಗೆ ‘ಟಿಕ್’ ಅಂದರೆ ಬಾಲ್ ಜಾಯಿಂಟ್ ಸವೆದಿದೆ, ಅಂದರೆ ಚಕ್ರವನ್ನು ಕಾರಿಗೆ ಹಿಡಿದಿಟ್ಟಿರುವ ಕೀಲೇ ಕೈಕೊಡುವುದರಲ್ಲಿದೆ. ಅವನು ಇಳಿದು ಬಂದು ತೀರ್ಪು ಕೊಡುವವರೆಗೆ ತಮ್ಮ ಸ್ಪ್ಯಾನರ್ ಮುಟ್ಟುವಂತಿಲ್ಲ, ತುಟಿ ಪಿಟಕ್ಕೆನ್ನುವಂತಿಲ್ಲ.

ವಯಸ್ಸು ಯಾರ ಮನೆಯ ಆಳು? ಮೇಸ್ತ್ರಿಯ ಕಿವಿಯಲ್ಲಿ ‘ದಡ್’ ಉಳಿದುಕೊಂಡಿತು, ‘ಟಿಕ್’ ಹೊರಟುಹೋಯಿತು. ಮೊದಮೊದಲು ಅವನಿಗೇ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಗೊತ್ತಿಲ್ಲದವನ ಹಾಗೆ ಇರುವುದನ್ನು ಕಲಿತ. ಮನೆಯಲ್ಲಿ ಹೆಂಡತಿ, ‘ಕುಕ್ಕರ್ ಕೂಗಿದ್ದು ಕೇಳಿಸ್ಲಿಲ್ವಾ?’ ಎಂದರೆ, ‘ಅದೇನು ಕಾರಾ, ನಾನು ಕೇಳಿಸ್ಕೊಳ್ಳೋಕೆ?’ ಎನ್ನುವನು. ಆದರೂ ಶೆಡ್ಡಿನಿಂದ ಹೋದ ಗಾಡಿ ಒಂದೂ ದೂರು ಹೊತ್ತು ವಾಪಸು ಬರಲಿಲ್ಲ. ಅದನ್ನು ನೋಡಿ, ಕೇಳದಿದ್ದರೂ ನನಗೆ ತಿಳಿಯುತ್ತದೆ ಎಂದು ಅವನ ಧೈರ್ಯ ಇನ್ನಷ್ಟು ಕೊಬ್ಬಿತು. ಗಿರಾಕಿಗಳೆಲ್ಲ ಊಟದ ಹೊತ್ತಿಗೆ ಸ್ವಲ್ಪ ಮುಂಚೆಯೇ ಗಾಡಿ ತರುತ್ತಿದ್ದರು. ‘ಹಸಿದ ಕಿವಿ ಚುರುಕು ಅಂತ ಜನಕ್ಕೂ ಗೊತ್ತು’ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಹೀಗಿರುವಾಗ ಒಂದು ದಿನ ಊಟಕ್ಕೆ ಸ್ವಲ್ಪ ಮುಂಚೆ ಅವನ ಬಾಲ್ಯದ ಗೆಳೆಯ, ಟ್ಯಾಕ್ಸಿ ಓಡಿಸುವವನು ಬಂದ. ‘ತಿರುಗಿಸುವಾಗ ಎಡಗಡೆ ಏನೋ ಟಿಕ್ ಅನ್ನುತ್ತೆ ಕಣೋ’ ಎಂದ. ಮೇಸ್ತ್ರಿಯ ತಮ್ಮ ಮಗಳನ್ನು ಕೊಟ್ಟ ಮನೆಯವರು, ಅಂದರೆ ಅವನ ಬೀಗರು, ಹೊಸದಾಗಿ ಕೊಂಡ ಕಾರು ತೋರಿಸಲು ಬಂದು ಅಲ್ಲೇ ನಿಂತಿದ್ದರು. ನೋಡುವವರಿದ್ದಾರೆಂದು ಮೇಸ್ತ್ರಿ ಗೋಡೆಯ ಪಕ್ಕ ಎರಡೆರಡು ಸಲ ಹೋಗಿಬಂದ.

‘ಏನಿಲ್ಲ. ಓಡಿಸ್ಕೊಂಡು ಹೋಗು, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ.’

ತಮ್ಮ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ, ‘ಅಣ್ಣಾ, ಒಂದ್ಸಲ ಜಾಕ್ ಹಾಕಿ, ಹಾರೆ ಕೊಟ್ಟು ಅಲ್ಲಾಡಿಸಿ ನೋಡ್ಬಿಡೋಣ್ವಾ?’ ಎಂದ.

‘ಹಾರೆ ಯಾಕೋ? ಕಣ್ಣಿಲ್ಲದೋನಿಗೆ ಕೋಲು, ಕಿವಿ ಇಲ್ಲದೋನಿಗೆ ಹಾರೆ. ನಿಂಗೆ ಸ್ಪ್ಯಾನರ್ ಹಿಡಿಯೋಕೆ ಕಲಿಸಿದ್ದು ನಾನು. ಬಾಯಿ ತೆಗೆಯೋಕೆ ಯಾವನು ಕಲಿಸ್ದ?’ ಎಂದು ಮೇಸ್ತ್ರಿ ಬೀಗರ ಕಡೆ ತಿರುಗಿದ. ‘ನೋಡಿ ಬೀಗರೇ, ನಾನಿಲ್ಲದಿದ್ರೆ ಇವನು ಪಂಕ್ಚರ್ ಹಾಕ್ಕೊಂಡು ಬಿದ್ದಿರ್ತಿದ್ದ.’

ಬೀಗರು ನಕ್ಕರು. ಬೀಗಿತ್ತಿ ಸೆರಗು ಬಾಯಿಗೆ ಹಿಡಿದು ಇನ್ನೂ ಜಾಸ್ತಿ ನಕ್ಕಳು. ತಮ್ಮ ಸ್ಪ್ಯಾನರುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸತೊಡಗಿದ. ಮೇಸ್ತ್ರಿ ಎಂದಿನಂತೆ ಊಟಕ್ಕೆ ಹೊರಟ. ಊಟ ಮುಗಿಸಿ, ಒಂದು ನಿದ್ದೆ ತೆಗೆದು ಬರುವಷ್ಟರಲ್ಲಿ ಟ್ಯಾಕ್ಸಿ ಹೋಗಿತ್ತು.

ಮಾರನೆಯ ದಿನ ದೊಡ್ಡ ರಸ್ತೆಯ ತಿರುವಿನಲ್ಲಿ ಟ್ಯಾಕ್ಸಿಯ ಮುಂದಿನ ಎಡಚಕ್ರ ಕೀಲು ಕಳಚಿ ಹೊರಕ್ಕೆ ಮಲಗಿತು. ಗಾಡಿ ಮೂಗು ಊರಿ ದೀಪದ ಕಂಬ ಹಿಡಿಯಿತು. ಒಳಗೆ ಸವಾರಿ ಇರಲಿಲ್ಲ, ಪುಣ್ಯ. ಟ್ಯಾಕ್ಸಿಯವನ ಭುಜದ ಮೂಳೆ ಮುರಿಯಿತು.

ಮೇಸ್ತ್ರಿ ನೋಡಲು ಹೋದಾಗ ಗೆಳೆಯ ದಿಂಬಿಗೆ ಒರಗಿ, ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿಟ್ಟುಕೊಂಡು ಕೂತಿದ್ದ. ಮೇಸ್ತ್ರಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ನೆಪಗಳು ಬಾಗಿಲಲ್ಲೇ ಉದುರಿದವು.

‘ನಂಗೆ ಕೇಳಿಸ್ಲಿಲ್ಲ ಕಣೋ.’

‘ಗೊತ್ತು.’

‘ಅವತ್ತು ಮಾತ್ರ ಅಲ್ಲ. ತುಂಬ ದಿನದಿಂದ...’

‘ಗೊತ್ತು ಕಣೋ. ಎಲ್ರಿಗೂ ಗೊತ್ತು.’

ಮೇಸ್ತ್ರಿ ಕುರ್ಚಿ ಎಳೆದುಕೊಂಡು ಕೂತ. ‘ಗೊತ್ತಿದ್ದೂ ಯಾಕೆ ಗಾಡಿ ತರ್ತಿದ್ರಿ?’

‘ನಿನ್ನ ತಮ್ಮನ ಹತ್ರ ತರ್ತಿದ್ವಿ. ನೀನು ಊಟಕ್ಕೆ ಹೋಗ್ತಿದ್ದ ಹಾಗೆ ಅವನು ಜಾಕ್ ಹಾಕೋನು. ನೀನು ಬಿಟ್ಟಿದ್ದನ್ನ ಹುಡುಕಿ, ಸರಿ ಮಾಡಿ, ಮುಚ್ಚಿಟ್ಟು ಕಳಿಸೋನು. ಊಟಕ್ಕೆ ಮುಂಚೆ ಬರ್ತಿದ್ದಿದ್ದು ಅದಕ್ಕೇ. ನಿನ್ನ ಮರ್ಯಾದೆ ಉಳೀಲಿ, ನಮ್ಮ ಪ್ರಾಣಾನೂ ಉಳೀಲಿ ಅಂತ.’ ಅವನು ನಗಲು ಹೋಗಿ, ಭುಜ ನೊಂದು, ಮುಖ ಕಿವುಚಿದ. ‘ಅವತ್ತು ಮಾಡ್ಲಿಲ್ಲ. “ಅಣ್ಣ ಸರಿ ಇದೆ ಅಂದ್ನಲ್ಲ, ಹೋಗು” ಅಂದ. ನಾನು ಟೀ ಕುಡಿದು ಬರೋ ಹೊತ್ತಿಗೆ ಸರಿ ಮಾಡಿಟ್ಟು ತಮಾಷೆ ಮಾಡ್ತಿದಾನೆ ಅಂದ್ಕೊಂಡೆ.’

ಮೇಸ್ತ್ರಿ ಶೆಡ್ಡಿಗೆ ಬಂದಾಗ ತಮ್ಮ ಕಾರೊಂದರ ಕೆಳಗಿದ್ದ. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಮೇಸ್ತ್ರಿ ಆ ಕಾಲಿಗೇ ಕೇಳಿದ.

‘ನಿಂಗೆ ಟಿಕ್ ಅಂದಿದ್ದು ಕೇಳಿಸಿತ್ತಾ?’

‘ಇಲ್ಲಿ ನಿಂತೋನಿಗೇ ಕೇಳಿಸ್ತು.’

‘ಅವನು ಸತ್ತೇ ಹೋಗಿದ್ರೆ?’

ತಮ್ಮ ಹೊರಗೆ ಜಾರಿಬಂದ. ಗ್ರೀಸು ಮೆತ್ತಿದ ಮುಖದಲ್ಲಿ ಕಣ್ಣೆರಡು ಕೆಂಪಗಿದ್ದವು. ನಿದ್ದೆ ಮಾಡಿದವನ ಹಾಗೆ ಕಾಣಲಿಲ್ಲ.

‘ಅದನ್ನೇ ಯೋಚನೆ ಮಾಡ್ತಾ ಬಿದ್ಕೊಂಡಿದೀನಿ. ಇಷ್ಟು ವರ್ಷ ನಿನ್ನ ಹೆಸರು ಕಾದೆ ಅಣ್ಣಾ. ಬೀಗರ ಮುಂದೆ ಒಂದೇ ಒಂದು ದಿನ ನಂದು ಕಾಯೋಕೆ ನಿಂಗೆ ಆಗ್ಲಿಲ್ಲ. ಹಾಳಾಗ್ಲಿ ಅನ್ನಿಸ್ತು. ನೀನು ಹಾಳಾಗು ಅಂದ್ಕೊಂಡೆ, ಭುಜ ಅವನದ್ದು ಮುರೀತು.’

‘ನನ್ನ ಕೆನ್ನೆಗೆ ಬಾರಿಸ್ಬಹುದಿತ್ತಲ್ಲೋ.’

‘ಅಣ್ಣಂದಿರಿಗೆ ಬಾರಿಸ್ಬಾರ್ದು ಅಂತ ಅಮ್ಮ ಹೇಳ್ಕೊಟ್ಟಿದ್ಳು,’ ಎಂದು ತಮ್ಮ ಮತ್ತೆ ಕಾರಿನ ಕೆಳಗೆ ಜಾರಿದ.

ಆಮೇಲೆ ಇಬ್ಬರೂ ಶೆಡ್ಡು ಮುಚ್ಚಲಿಲ್ಲ, ಪಾಲಾಗಲಿಲ್ಲ. ಮಾತು ಮಾತ್ರ ಬಿಟ್ಟರು. ಟ್ಯಾಕ್ಸಿಯನ್ನು ಒಂದೊಂದು ಪಕ್ಕ ಒಬ್ಬೊಬ್ಬರು ಕೂತು ರಿಪೇರಿ ಮಾಡಿದರು. ಭುಜ ಕೂಡಿಕೊಂಡ ಮೇಲೆ ಗೆಳೆಯ ಬಂದು ಗಾಡಿ ತೆಗೆದುಕೊಂಡು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಈಗ ಯಾರಾದರೂ ಕಾರು ತಂದರೆ ಮೇಸ್ತ್ರಿಯ ಕೈ ಅಭ್ಯಾಸಬಲದಿಂದ ಕೀಲಿಕೈಗೆ ಚಾಚಿಕೊಳ್ಳುತ್ತದೆ. ತಮ್ಮ ಅವನನ್ನು ಸುತ್ತುಹಾಕಿ ಹೋಗಿ ಕೀಲಿ ಇಸಿದುಕೊಂಡು, ತಾನೇ ಓಡಿಸಿಕೊಂಡು ಹೋಗುತ್ತಾನೆ. ಹೊಸ ಗಿರಾಕಿ, ‘ಇಲ್ಲಿ ಕಿವಿ ಮೇಸ್ತ್ರಿ ಅಂತ ಇದ್ರಲ್ಲ, ಅವರೆಲ್ಲಿ?’ ಎಂದು ಕೇಳಿದರೆ ಮೇಸ್ತ್ರಿ ಕೇಳಿಸದವನ ಹಾಗೆ ಹಾರೆ ತೆಗೆದುಕೊಂಡು ಯಾವುದಾದರೊಂದು ಗಾಡಿಯ ಕೆಳಗೆ ತೂರಿಕೊಳ್ಳುತ್ತಾನೆ. ಅಲ್ಲಿ ಮಲಗಿದರೆ ಯಾರ ಮುಖವೂ ಕಾಣುವುದಿಲ್ಲ, ಬರೀ ಚಪ್ಪಲಿ ಕಾಣುತ್ತವೆ.