ರಬ್ಬರ್ ಮುಖದೊಳಗಿನ ತುಳು

ಹ್ಯಾಲೊವೀನ್‌ಗೆಂದು ಮಗಳಿಗೆ ತಂದ ಮುಖವಾಡದ ಪ್ಯಾಕೆಟ್ಟು ಮೊನ್ನೆ ಬಿಚ್ಚಿದೆ. ರಬ್ಬರಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಅದನ್ನು ಗ್ಯಾರೇಜಿಗೆ ಎಸೆದೆ. "ವಾಟ್ ಹ್ಯಾಪನ್ಡ್ ಅಮ್ಮಾ?" ಎಂದ ಮಗಳ ಮೇಲೂ ರೇಗಿದೆ. ಪಾಪ, ಅವಳದೇನು ತಪ್ಪು. ಆ ವಾಸನೆ ಬಂದರೆ ನನಗೆ ಎದುರುಮನೆ ಅಂಕಲ್ ನೆನಪಾಗುತ್ತಾರೆ, ಮೈಯೆಲ್ಲ ಉರಿಯುತ್ತದೆ.

ಅಮೆರಿಕದ ಎವರ್‌ಗ್ರೀನ್ ಎಂಬ ಬಡಾವಣೆಯ ನಮ್ಮ ಬೀದಿಗೆ ಅವರೇ ಹಿರಿಯರು. ಉಡುಪಿ ಕಡೆಯವರು. ನಾವೆಲ್ಲ ಹುಟ್ಟುವುದಕ್ಕೂ ಮೊದಲೇ ಬರ್ಕ್ಲಿಗೆ ಓದಲು ಬಂದವರು. ಎಂಬತ್ತು ದಾಟಿದ ಮೇಲೂ ಅಂಗಳದ ಹುಲ್ಲನ್ನು ತಾವೇ ಕತ್ತರಿಸುತ್ತಿದ್ದರು, ನನ್ನ ಬೆಂಡೆಗಿಡಗಳಿಗೆ ನೀರು ಜಾಸ್ತಿಯಾಯಿತೆಂದು ರಸ್ತೆಯಾಚೆಯಿಂದಲೇ ಬೈಯುತ್ತಿದ್ದರು. ಒಮ್ಮೆ ಮಾತಿನ ಭರದಲ್ಲಿ, ಕಾಲೇಜಿನ ದಿನಗಳಲ್ಲಿ ಸಿನಿಮಾವೊಂದರಲ್ಲಿ ಬೇರೆ ಗ್ರಹದ ಪ್ರಾಣಿಯಾಗಿದ್ದೆ ಎಂದು ಸಿನಿಮಾದ ಹೆಸರನ್ನೂ ಹೇಳಿಬಿಟ್ಟರು. ನಾನು ಕೆದಕಿದೆ. "ಅದೆಲ್ಲ ಬೇಡ ಮಾರಾಯ್ತಿ, ಬಿಡು" ಎಂದು ಒಳಗೆ ಹೋದರು. ಬಿಡಬೇಕಿತ್ತು... ಬಿಡುವ ಜಾಯಮಾನ ನನ್ನದಲ್ಲ.

ಅಂಥ ಸಿನಿಮಾಗಳು ಆ ಕಾಲದಲ್ಲಿ ರಾಶಿ ರಾಶಿ ಬಂದವು. ಅಣುಬಾಂಬು ಹಾಕಿದವರೂ ಈ ಅಮೆರಿಕದವರೇ, ಆಮೇಲೆ ಹೆದರಿ ಕೂತವರೂ ಇವರೇ. ಆ ಹೆದರಿಕೆಗೆ ಆಕಾಶದಿಂದ ಇಳಿಯುವ ಕಪ್ಪೆಮುಖದ ಶತ್ರು ಬೇಕಿತ್ತು, ರಬ್ಬರು ಹೊಲಿದು ಯಾರಿಗೋ ತೊಡಿಸಿದರಾಯಿತು. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ, ಪುಕ್ಕಟೆ ಸಿಕ್ಕಿತು. ಹಾರುವ ತಟ್ಟೆ ಕಟ್ಟಿದ ದಾರ ಕೂಡ ಕಾಣುತ್ತಿತ್ತು. ಒಂದು ಕಪ್ಪೆಮುಖ ನೆಲಕ್ಕೆ ಬೀಳುತ್ತದೆ. ಇನ್ನೊಂದು ಅದರ ಮೇಲೆ ಬಾಗಿ ಏನೋ ಕೂಗುತ್ತದೆ. ನಿಮ್ಮ ನಗರಗಳನ್ನು ಸುಟ್ಟುಬಿಡುತ್ತೇವೆ ಎಂದು ಕೆಳಗೆ ಇಂಗ್ಲಿಷಿನಲ್ಲಿ ಸಾಲು. ಹಿಂದೆ ನಿಂತಿದ್ದ ನನ್ನ ಗಂಡ, ಅವನೂ ಉಡುಪಿಯವನೇ, ಬಿದ್ದೂ ಬಿದ್ದೂ ನಕ್ಕ.

"ಇದು ತುಳು ಮಾರಾಯ್ತಿ! 'ಲಕ್ಕ್ ಮಾರಾಯ, ಲಕ್ಕ್' ಅಂತಿದ್ದಾನೆ. ಏಳು ಮಾರಾಯ, ಏಳು ಅಂತ!"

ಆಗ ನಾನು ನಮ್ಮ ಕನ್ನಡ ಕಮಿಟಿಯ ಕಾರ್ಯದರ್ಶಿ. ನಮ್ಮವರಿಗೆ ಗೌರವವೆಂದರೆ ಸನ್ಮಾನ. ಸನ್ಮಾನವೆಂದರೆ ಶಾಲು, ಪೇಟ, ಹಣ್ಣಿನ ತಟ್ಟೆ, ಈಚೆಗೆ ಜೊತೆಗೊಂದು ವಿಡಿಯೋ. ಮಾಡಿಸಿಕೊಳ್ಳುವವರನ್ನು ಒಂದು ಮಾತು ಕೇಳುವ ಅಭ್ಯಾಸ ನಮಗಿಲ್ಲ. ಸರ್‌ಪ್ರೈಸ್ ಇರಲೆಂದು ನಾನೇ ಕೂತು ಆ ತುಣುಕು ಕತ್ತರಿಸಿದೆ. ದೀಪಾವಳಿ ಕಾರ್ಯಕ್ರಮಕ್ಕೆ ಸ್ಕೂಲಿನ ಹಾಲ್ ತುಂಬಿತ್ತು. ಅಂಕಲ್‌ಗೆ ಪೇಟ ತೊಡಿಸಿ ಕೂರಿಸಿದೆವು, ತೆರೆಯ ಮೇಲೆ ಕಪ್ಪೆಮುಖ ಕೂಗಿತು, ಹಾಲಿಗೆ ಹಾಲೇ ಹೋ ಎಂದಿತು. ತುಳು ಬಲ್ಲವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಒನ್ಸ್ ಮೋರ್!" ಎಂದರು ಅಧ್ಯಕ್ಷರು. ಇನ್ನೊಮ್ಮೆ ಹಾಕಿದೆವು.

ಅಂಕಲ್ ಪೇಟ ತೆಗೆದು ಹಣ್ಣಿನ ತಟ್ಟೆಯ ಮೇಲಿಟ್ಟು ಎದ್ದು ನಿಂತರು.

"ಕೆಳಗೆ ಬಿದ್ದವನು ನನ್ನ ರೂಮ್‌ಮೇಟು. ನಮ್ಮ ಊರಿನವನೇ. ಅದು ನಟನೆ ಅಲ್ಲ" ಎಂದರು.

ಶೂಟಿಂಗ್ ನಡೆದದ್ದು ಹಣ್ಣು ಡಬ್ಬಿಗೆ ತುಂಬುವ ಹಳೆಯ ಶೆಡ್ಡಿನಲ್ಲಂತೆ, ಕಿಟಕಿಯಿಲ್ಲ, ಮೇಲೆ ತಗಡು, ಸುತ್ತ ದೀಪಗಳ ಕಾವು. ಬೆನ್ನಿನ ಹಿಂದೆ ಹೊಲಿದುಬಿಟ್ಟ ರಬ್ಬರ್ ಅಂಗಿ, ಬೇರೆಯವರು ಕತ್ತರಿಸಿದರೆ ಮಾತ್ರ ಬಿಡುಗಡೆ. ನಿಮ್ಮ ಭಾಷೆಯಲ್ಲೇ ಏನಾದರೂ ಒದರಿ, ಯಾರಿಗೆ ತಿಳಿಯುತ್ತದೆ ಎಂದಿದ್ದನಂತೆ ನಿರ್ದೇಶಕ. ರೀಲು ಇರುವುದು ಒಂದೇ ಸಲಕ್ಕೆ, ಏನೇ ಆದರೂ ನಡುವೆ ನಿಲ್ಲಿಸಬೇಡಿ ಎಂದೂ ಹೇಳಿದ್ದ. "ಅವನು ಕಟ್ ಅನ್ನುವ ತನಕ ನಾನೂ ನಿಲ್ಲಿಸಲಿಲ್ಲ" ಎಂದರು ಅಂಕಲ್. ಅಂಗಿ ಕತ್ತರಿಸಿದಾಗ ಬೆವರು, ರಬ್ಬರಿನ ನಾತ... ಗೆಳೆಯನ ಉಸಿರು ಮಾತ್ರ ಇರಲಿಲ್ಲ. ಒಬ್ಬ ಹುಡುಗ ಸಾಯುವುದನ್ನು ಆ ಪಾಪಿಗಳು ಚೆನ್ನಾಗಿ ಬಂದಿದೆಯೆಂದು ಸಿನಿಮಾದಲ್ಲಿ ಇಟ್ಟುಕೊಂಡರು!

ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಅವರು ಹೊರಟುಹೋದರು. ಅಧ್ಯಕ್ಷರು ನನ್ನ ಕಿವಿಯಲ್ಲಿ, "ಮೂಡ್ ಹಾಳಾಯ್ತು, ಬೇಗ ಡ್ಯಾನ್ಸ್ ಅನೌನ್ಸ್ ಮಾಡಿ" ಎಂದರು. ಅವರ ಕಪಾಳಕ್ಕೆ ಬಾರಿಸಬೇಕಿತ್ತು. ನಾನು ಡ್ಯಾನ್ಸ್ ಅನೌನ್ಸ್ ಮಾಡಿದೆ.

ಆಮೇಲೆ ಎರಡು ಸಲ ಅಂಕಲ್ ಮನೆ ಬಾಗಿಲು ತಟ್ಟಿದೆ. ಒಳಗೆ ಟೀವಿ ಸದ್ದಿತ್ತು, ಬಾಗಿಲು ತೆರೆಯಲಿಲ್ಲ. ಫಾಸ್ಟರ್ ಸಿಟಿಯಲ್ಲಿರುವ ಅವರ ಮಗಳು ಬಂದು ಕರೆದುಕೊಂಡು ಹೋದಳು. ಅಲ್ಲೇ ತೀರಿಕೊಂಡರೆಂದು ತಿಂಗಳು ಕಳೆದ ಮೇಲೆ ತಿಳಿಯಿತು. ತಪ್ಪಾಯಿತು ಎನ್ನಲೂ ಆಗಲಿಲ್ಲ.

ನಿನ್ನೆ ಮೈಸೂರಿನ ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದಾಳೆ. "ತುಳು ಮಾತಾಡೋ ಏಲಿಯನ್ನು ನೋಡೇ, ಸಕತ್ತಾಗಿದೆ!" ಅವತ್ತು ಹಾಲ್‌ನಲ್ಲಿ ಯಾರೋ ಫೋನಿನಲ್ಲಿ ಹಿಡಿದದ್ದು, ಅಂಕಲ್ ಎದ್ದು ನಿಲ್ಲುವ ಮುಂಚೆಯೇ ಮುಗಿಯುತ್ತದೆ. ಎಷ್ಟು ಜನ ನೋಡಿದ್ದಾರೋ, ಇನ್ನೆಷ್ಟು ಜನ ನೋಡುತ್ತಾರೋ... ಏಳು ಏಳು ಎಂದು ಅವರು ಗೆಳೆಯನನ್ನು ಗೋಗರೆಯುವುದು ಸರಿಯಾಗಿ ಕೇಳಿಸುವುದೂ ಇಲ್ಲ. ಮೈಕಿನಲ್ಲಿ ಬಂದ ಒಂದು ಹೆಂಗಸಿನ ನಗು ಅದನ್ನು ಮುಚ್ಚಿಹಾಕಿದೆ. ಅವತ್ತು ಮೈಕು ಇದ್ದದ್ದು ನನ್ನ ಕೈಯಲ್ಲಿ.