ಎರಡು ಟಿಕ್ ಗುರುತು

ಹುಕ್ಕೇರಿಯಿಂದ ಬಂದ ಆ ಹುಡುಗಿಯನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಮಾಡಲಿ? ಗೋಕಾಕದ ಲಗ್ನಪತ್ರಿಕೆ ಅಂಗಡಿಯಲ್ಲಿ ಹದಿನೆಂಟು ವರ್ಷ ಟೈಪು ಮಾಡಿದವಳು ನಾನು. ದಿನಾ ಮೂಡಲಗಿಯಿಂದ ಬಸ್ಸು ಹಿಡಿದು ಬರುವುದು, ಸಂಜೆ ಬಸ್ಸಿನಲ್ಲಿ ಜೋತುಬಿದ್ದು ಹೋಗುವುದು. ಯಾವ ಮನೆತನದ ಪತ್ರಿಕೆಯ ತಲೆಗೆ ಬಸವೇಶ್ವರ ಪ್ರಸನ್ನ ಬರಬೇಕು, ಯಾರದಕ್ಕೆ ಬೀರಲಿಂಗೇಶ್ವರ ಪ್ರಸನ್ನ, ಸೋದರಮಾವನ ಹೆಸರು ಕಾಕಾನ ಹೆಸರಿಗಿಂತ ಮೇಲೋ ಕೆಳಗೋ, ಎಲ್ಲ ನನಗೆ ಬಾಯಿಪಾಠ. ಕೌಜಲಗಿಯ ಮಂದಿ ‘ಅಕ್ಕಾರ ಅದಾರೇನ್ರಿ’ ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದರು. ಇವಳು ಬಂದು ಆರು ತಿಂಗಳಾಗಿರಲಿಲ್ಲ, ಅದೇ ಮಂದಿ ಹುಕ್ಕೇರಿ ತಂಗಿ ಎಲ್ಲಿ ಎಂದು ನನ್ನನ್ನೇ ಕೇಳತೊಡಗಿದರು.

ಗಿರಾಕಿಗಳ ಪೆನ್ ಡ್ರೈವಿನಿಂದ ವೈರಸ್ಸು ಬಂದು ಬಂದು ಕೌಂಟರಿನ ಕಂಪ್ಯೂಟರು ಎರಡು ದಿನಕ್ಕೊಮ್ಮೆ ಮಲಗುತ್ತಿತ್ತು. ಈ ಹುಡುಗಿ ಅದರಲ್ಲಿದ್ದುದನ್ನೆಲ್ಲ ತೆಗೆದು, ಅಂಥ ವೈರಸ್ಸು ತಗಲದ ಲಿನಕ್ಸ್ ಎಂಬುದನ್ನು ಹಾಕಿದಳು. ಅದು ನಿಲ್ಲದೆ ಓಡಿತು. ಮಾಲಕರು ಹೊಗಳಿದರು. ನಾನು ಚಹಾ ಕುಡಿಯುವ ನೆಪ ಮಾಡಿ ಹೊರಗೆ ಹೋದೆ.

ನಮ್ಮಲ್ಲಿ ಗಿರಾಕಿಗಳು ಎದುರಿಗೆ ಕೂಡುವುದಿಲ್ಲ, ಹೆಸರು ತಪ್ಪಬಾರದೆಂದು ಟೈಪು ಮಾಡುವವರ ಬೆನ್ನ ಹಿಂದೆ ಮನೆಮಂದಿಯೆಲ್ಲ ಕುರ್ಚಿ ಹಾಕಿಕೊಂಡು ಕೂಡುತ್ತಾರೆ. ಒಂದು ದಿನ ಒಬ್ಬರ ಪೆನ್ ಡ್ರೈವ್ ಚುಚ್ಚಿದೊಡನೆ ಅದು ತಾನಾಗಿ ತೆರೆದುಕೊಂಡು, ಮಗಳಿಗೆ ನೋಡಿ ಬಿಟ್ಟ ಹದಿನೈದಿಪ್ಪತ್ತು ವರಗಳ ಫೋಟೊ ಪರದೆ ತುಂಬ ಹರಡಿತು. ಕೊನೆಗೆ ನಿಶ್ಚಯವಾದ ವರನ ಅಪ್ಪ ಹಿಂದೆಯೇ ಕೂತಿದ್ದರು. ಅವರು ಒಂದೊಂದೇ ಫೋಟೊ ನೋಡುತ್ತ ಮೀಸೆ ತಿರುವಿದ್ದು ನನಗಿನ್ನೂ ನೆನಪಿದೆ. ಮರುದಿನವೇ ಹುಡುಗಿ ಸೆಟ್ಟಿಂಗಿನ ಒಳಹೊಕ್ಕು ಎರಡು ಟಿಕ್ ಗುರುತು ತೆಗೆದಳು. ಒಂದು, ಡ್ರೈವು ತಾನಾಗಿ ಜೋಡಣೆಯಾಗುವುದಕ್ಕೆ. ಇನ್ನೊಂದು, ತಾನಾಗಿ ತೆರೆಯುವುದಕ್ಕೆ. ಆಮೇಲೆ ಡ್ರೈವು ಚುಚ್ಚಿದರೆ ಏನೂ ಆಗುತ್ತಿರಲಿಲ್ಲ. ಪರದೆಯ ಬದಿಗೆ ಅದರ ಹೆಸರಷ್ಟೇ ಬರುವುದು, ನಾವು ಒತ್ತಿದರೆ ಮಾತ್ರ ತೆರೆಯುವುದು. ಮಾಲಕರು ಇದನ್ನು ವಾರಗಟ್ಟಲೆ ಬಂದಬಂದವರಿಗೆಲ್ಲ ಹೇಳಿದರು. ಎರಡು ಟಿಕ್ ತೆಗೆದವಳಿಗೆ ಆನೆ ಮೇಲೆ ಮೆರವಣಿಗೆ ಮಾಡುವುದೊಂದು ಬಾಕಿ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆನೇನೋ. ಆದರೆ ಮಾಲಕರು ಮೂಡಲಗಿಯಲ್ಲಿ ಇನ್ನೊಂದು ಅಂಗಡಿ ತೆಗೆಯುವವರಿದ್ದರು. ನಮ್ಮ ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಅದನ್ನು ನಡೆಸುವವಳು ನಾನೇ ಎಂದು ಎರಡು ವರ್ಷದಿಂದ ಮನಸ್ಸಿನಲ್ಲೇ ಕುರ್ಚಿ ಹಾಕಿ ಕೂತಿದ್ದೆ. ಈಗ ಅವರು ಅಲ್ಲಿ ಯಾವ ಪ್ರಿಂಟರು, ಎಷ್ಟು ಮಷಿನು ಎಂದು ಅವಳನ್ನು ಕೇಳತೊಡಗಿದ್ದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ನನ್ನದೊಂದು ಗುಟ್ಟಿತ್ತು. ಹದಿನೆಂಟು ವರ್ಷ ನಾನು ಮಾಡಿಟ್ಟ ಪತ್ರಿಕೆಯ ಮಾದರಿಗಳನ್ನೆಲ್ಲ, ಇವಳು ಬಂದ ಮೊದಲ ತಿಂಗಳಲ್ಲೇ, ನನ್ನ ಪೆನ್ ಡ್ರೈವಿಗೆ ಹಾಕಿಕೊಂಡು ಅಂಗಡಿಯ ಮಷಿನಿನಿಂದ ಅಳಿಸಿಬಿಟ್ಟಿದ್ದೆ. ಹಳೆಯ ಗಿರಾಕಿ ಬಂದರೆ ನನ್ನ ಕೈಯೇ ಬೇಕಾಗಲಿ ಎಂದು. ಆ ಹುಡುಗಿ ಮಾದರಿ ಹುಡುಕಿ ಹುಡುಕಿ ಸೋತು, ಕೊನೆಗೆ ಕೇಳುವುದನ್ನೇ ಬಿಟ್ಟಿದ್ದಳು.

ಮಾಲಕರಿಗೆ ಅವಳ ಕೆಲಸ ಎಷ್ಟು ಗಟ್ಟಿ ಎಂದು ತೋರಿಸಬೇಕಿತ್ತು. ಒಂದು ಬೆಳಿಗ್ಗೆ ಅವಳ ಬಸ್ಸು ಬರುವ ಮೊದಲೇ ಆ ಎರಡೂ ಟಿಕ್ ಮತ್ತೆ ಹಾಕಿಟ್ಟೆ. ಯಾರದಾದರೂ ಡ್ರೈವು ಮಂದಿಯೆದುರು ತೆರೆದುಕೊಳ್ಳಲಿ, ಬೈಗುಳ ಅವಳಿಗೆ ಬೀಳಲಿ.

ಮೊದಲು ಬಂದವರು ಕಲ್ಲೋಳಿಯ ಒಬ್ಬ ರೈತರು. ಅಣ್ಣನ ಮಗಳ ಪತ್ರಿಕೆ ಹೇಗಿತ್ತೋ ತಮ್ಮ ಮಗಳದೂ ಹಾಗೇ ಇರಬೇಕೆಂದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ದೊಡ್ಡಸ್ತಿಕೆಯಿಂದ, ಇರ್ರಿ ನೋಡ್ತೀನಿ ಎಂದು, ರೂಢಿಯಂತೆ ಸೆರಗಿನ ಮರೆಯಲ್ಲಿ ನನ್ನ ಪೆನ್ ಡ್ರೈವ್ ಚುಚ್ಚಿದೆ. ಬೆಳಿಗ್ಗೆ ನಾನೇ ಮಾಡಿದ್ದು ಆ ಗಳಿಗೆಗೆ ಮರೆತೇ ಹೋಗಿತ್ತು.

ಪರದೆ ತುಂಬ ತೆರೆಯಿತು. ಊರೂರಿನ ಹೆಸರಿನಲ್ಲಿ ನಾನು ಜೋಡಿಸಿಟ್ಟ ಮಾದರಿಗಳೆಲ್ಲ ಸಾಲಾಗಿ ನಿಂತಿದ್ದವು. ನಾಲ್ಕು ಹೆಜ್ಜೆ ಆಚೆ ಮಾಲಕರು ಬೆನ್ನು ಮಾಡಿ ಕಾಗದ ಎಣಿಸುತ್ತಿದ್ದರು. ಹುಡುಗಿ ಕೈ ಚಾಚಿ ಮೌಸು ಹಿಡಿದು, ಕಲ್ಲೋಳಿಯ ಮಾದರಿಯೊಂದನ್ನು ಎತ್ತಿಕೊಂಡು, ಪರದೆಯ ಮೇಲೆ ತೆರೆದದ್ದನ್ನು ಮುಚ್ಚಿದಳು. ರೈತರು ಚಹಾಕ್ಕೆ ಎದ್ದು ಹೋದ ಮೇಲೆ ಮೆಲ್ಲಗೆ ಹೇಳಿದಳು:

‘ಅಕ್ಕಾರ, ಇದನ್ನ ನಾ ಮೊದಲ ನೋಡೇನ್ರಿ. ನೀವು ಡ್ರೈವ್ ಅದರಾಗ ಬಿಟ್ಟು ಊಟಕ್ಕ ಹೋದಾಗ ಮಷಿನ್ ಬಂದ್ ಮಾಡಿ ಮತ್ತ ಚಾಲೂ ಮಾಡಿದ್ನಿ, ತಾನ ತೆರಕೊಂಡಿತ್ತು. ಆ ಟಿಕ್ ತಗದದ್ದು ಬರೇ ಗಿರಾಕಿಗೋಳ ಸಲುವಾಗಿ ಅಲ್ರಿ.’

ಅಷ್ಟು ಹೇಳಿ ಎರಡೂ ಟಿಕ್ ತೆಗೆದು ತನ್ನ ಕೆಲಸಕ್ಕೆ ಕೂತಳು. ಯಾರು ಹಾಕಿದರು ಎಂದು ಕೇಳಲೂ ಇಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅಂದೇ ಸಂಜೆ ಎಲ್ಲ ಮಾದರಿಗಳನ್ನೂ ಮಷಿನಿಗೆ ವಾಪಸ್ ಹಾಕಿ, ನನ್ನ ಡ್ರೈವು ಖಾಲಿ ಮಾಡಿದೆ. ಮೂಡಲಗಿಯ ಆಸೆಯನ್ನೂ ಅದರ ಜೊತೆಗೇ ಬಿಟ್ಟೆ.

ಆದರೆ ಮೂಡಲಗಿಗೆ ಕಳಿಸಿದ್ದು ನನ್ನನ್ನೇ. ಮಾದರಿಗಳೆಲ್ಲ ಅಕ್ಕಾರು ಮಾಡಿದವು, ಅವರೇ ಹೋಗಬೇಕು ಎಂದು ಅವಳೇ ಹಟ ಹಿಡಿದಳಂತೆ, ಮಾಲಕರು ಹೇಳಿದರು. ಮಷಿನನ್ನೂ ಅವಳೇ ಗೋಕಾಕದಲ್ಲಿ ಸಜ್ಜು ಮಾಡಿ ಕಳಿಸಿದ್ದಳು. ಮೊದಲ ದಿನ ಬಾಗಿಲು ತೆರೆದು, ಕಸ ಹೊಡೆದು, ನನ್ನ ಪೆನ್ ಡ್ರೈವ್ ಚುಚ್ಚಿ ನೋಡಿದೆ. ಏನೂ ತೆರೆಯಲಿಲ್ಲ. ಎರಡೂ ಟಿಕ್ ಮೊದಲೇ ತೆಗೆದಿಟ್ಟಿದ್ದಳು. ಡ್ರೈವಿನಲ್ಲಿ ಬಚ್ಚಿಡುವಂಥದ್ದು ಈಗ ಏನೂ ಇರಲಿಲ್ಲ. ಬಯಸಿದ ಅಂಗಡಿ ಸಿಕ್ಕಿತ್ತು, ಬಯಸಿದ ಕುರ್ಚಿಯಲ್ಲೇ ಕೂತಿದ್ದೆ, ಆದರೂ ಅವಳ ಮೇಲಿನ ಹೊಟ್ಟೆಕಿಚ್ಚು ಆರಲಿಲ್ಲ.